ಒಂದು ಹಸು, 449 ಕರುಗಳು: ಅಮೆರಿಕದ ಕಿವಿಯೋಲೆ ಕಾನೂನಿನ ಹಿಂದಿನ ಪ್ರಕರಣ

2003ರ ಡಿಸೆಂಬರ್ 9ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೋಸೆಸ್ ಲೇಕ್ ಊರಿನ ಒಂದು ಸಣ್ಣ ಕಸಾಯಿಖಾನೆಯಲ್ಲಿ 20 ದನಗಳನ್ನು ಕಡಿದರು. ಅವುಗಳಲ್ಲಿ ಒಂದು ಹೋಲ್‌ಸ್ಟೀನ್ ಹಸು. ಮ್ಯಾಬ್ಟನ್ ಎಂಬ ಊರಿನ ಹತ್ತಿರದ ಡೈರಿಯಿಂದ ಬಂದಿತ್ತು. ಕರು ಹಾಕುವಾಗ ತೊಂದರೆಯಾಗಿ ಎದ್ದು ನಿಲ್ಲಲಾಗದ ಹಸು ಎಂದು ದಾಖಲೆಯಲ್ಲಿತ್ತು. ಅಂಥ ಹಸುಗಳ ಮೆದುಳಿನ ತುಣುಕನ್ನು ಪರೀಕ್ಷೆಗೆ ಕಳಿಸುವ ಪದ್ಧತಿ ಇತ್ತು, ಕಳಿಸಿದರು. ಆದರೆ ಫಲಿತಾಂಶ ಬರುವ ತನಕ ಮಾಂಸವನ್ನು ತಡೆದಿಡಬೇಕು ಎಂಬ ನಿಯಮ ಆಗ ಇರಲಿಲ್ಲ. ಮಾಂಸ ಮಾರಾಟಕ್ಕೆ ಹೊರಟು ಹೋಯಿತು.

ಎರಡು ವಾರದ ನಂತರ, ಡಿಸೆಂಬರ್ 23ರಂದು, ಆಗಿನ ಕೃಷಿ ಕಾರ್ಯದರ್ಶಿ, ಅಂದರೆ ಅಲ್ಲಿನ ಕೃಷಿ ಮಂತ್ರಿ, ಆನ್ ವೆನೆಮನ್ ಪತ್ರಕರ್ತರ ಮುಂದೆ ಬಂದು ವಿಷಯ ಹೇಳಿದರು. ಆ ಹಸುವಿಗೆ ಬಿಎಸ್‌ಇ, ಅಂದರೆ ಹುಚ್ಚು ಹಸು ರೋಗ ಇರುವ ಸೂಚನೆ ಸಿಕ್ಕಿದೆ. ಅಮೆರಿಕದಲ್ಲಿ ಇದೇ ಮೊದಲು. ಅಂದೇ 10,410 ಪೌಂಡ್ ಮಾಂಸವನ್ನು ವಾಪಸ್ ತರಿಸಲು ಆದೇಶವಾಯಿತು. ಒಂದು ಹಸುವಿನ ಮಾಂಸ ಅಷ್ಟು ತೂಗುವುದಿಲ್ಲ. ಅವತ್ತು ಕಡಿದ 20 ದನಗಳ ಮಾಂಸವೂ ಅದರಲ್ಲಿ ಸೇರಿತ್ತು. ಯಾವುದು ಯಾವ ದನದ್ದು ಎಂದು ಬಿಡಿಸಿ ಹೇಳಲು ಆಗುತ್ತಿರಲಿಲ್ಲ.

ಡಿಸೆಂಬರ್ 25ರಂದು ಇಂಗ್ಲೆಂಡಿನ ವೇಬ್ರಿಜ್ ಪ್ರಯೋಗಾಲಯ ರೋಗವನ್ನು ಖಚಿತಪಡಿಸಿತು. ಅಲ್ಲಿಂದ ಶುರುವಾದ ಒಂದು ಜಗಳ 2024ರ ತನಕ ನಡೆಯಿತು. ದನಗಳಿಗೆ ಗುರುತಿನ ಓಲೆ, ಅಂದರೆ ಕಿವಿಗೆ ಹಾಕುವ ಸಂಖ್ಯೆಯ ಟ್ಯಾಗ್, ಕಡ್ಡಾಯವಾಗಬೇಕೇ? ಕಡ್ಡಾಯವಾದರೆ ಅದರ ಖರ್ಚು ಯಾರದು? ಆ ಮಾಹಿತಿ ಯಾರ ಕೈಗೆ ಹೋಗಬೇಕು? ನಾನು ಈ ಪ್ರಕರಣವನ್ನು ಆರಿಸಿಕೊಂಡಿರುವುದಕ್ಕೆ ಕಾರಣ ಇದೆ. ಗುರುತು ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬ ಎರಡೂ ಇದರಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತವೆ.

ಈ ರೋಗಕ್ಕೆ ಹಳೆಯ ದಾಖಲೆ ಏಕೆ ಬೇಕು

ಹುಚ್ಚು ಹಸು ರೋಗ ಕಾಲುಬಾಯಿ ರೋಗದ ಹಾಗೆ ಒಂದು ದನದಿಂದ ಪಕ್ಕದ ದನಕ್ಕೆ ಹಾರುವುದಿಲ್ಲ. ಸತ್ತ ದನಗಳ ಮಾಂಸ ಮತ್ತು ಮೂಳೆಯನ್ನು ಪುಡಿ ಮಾಡಿ ಕರುಗಳ ಮೇವಿನಲ್ಲಿ ಬೆರೆಸುತ್ತಿದ್ದ ಕಾಲದಲ್ಲಿ ಅದು ಹರಡಿತು. ಬ್ರಿಟನ್‌ನಲ್ಲಿ 1986ರಲ್ಲಿ ಮೊದಲು ಗುರುತಿಸಿದರು. ಮನುಷ್ಯರಿಗೂ ಅದರಿಂದ ಮೆದುಳಿನ ರೋಗ ಬರಬಹುದು ಎಂದು 1996ರಲ್ಲಿ ಬ್ರಿಟಿಷ್ ಸರ್ಕಾರ ಒಪ್ಪಿಕೊಂಡಿತು. ಅಮೆರಿಕ ಮತ್ತು ಕೆನಡಾ ಎರಡೂ ಅಂಥ ಮೇವನ್ನು ದನಗಳಿಗೆ ಹಾಕಬಾರದು ಎಂದು ನಿಷೇಧಿಸಿದ್ದು 1997ರಲ್ಲಿ.

ರೋಗ ಒಳಗೆ ಸೇರಿದ ಮೇಲೆ ಲಕ್ಷಣ ಕಾಣಿಸಲು ವರ್ಷಗಳೇ ಬೇಕು. ಹಾಗಾಗಿ ಆ ಹಸು ಹೋದ ವಾರ ಎಲ್ಲಿತ್ತು ಎಂಬುದು ಇಲ್ಲಿ ದೊಡ್ಡ ಪ್ರಶ್ನೆಯಲ್ಲ. ಕರುವಾಗಿದ್ದಾಗ ಎಲ್ಲಿತ್ತು? ಏನು ತಿಂದಿತ್ತು? ಅದರ ಜೊತೆ ಅದೇ ಮೇವು ತಿಂದ ಬೇರೆ ಕರುಗಳು ಈಗ ಎಲ್ಲಿವೆ? ಕಾಲುಬಾಯಿ ರೋಗ ಬಂದರೆ ಗಂಟೆಗಳ ಲೆಕ್ಕದಲ್ಲಿ ಮುಂದಕ್ಕೆ ಹುಡುಕಬೇಕು. ಹುಚ್ಚು ಹಸು ರೋಗಕ್ಕೆ ವರ್ಷಗಳ ಲೆಕ್ಕದಲ್ಲಿ ಹಿಂದಕ್ಕೆ ಹುಡುಕಬೇಕು. ಎರಡಕ್ಕೂ ಬೇಕಾದದ್ದು ಒಂದೇ: ಹುಟ್ಟಿದಾಗಿನಿಂದ ಬದಲಾಗದ ಒಂದು ಸಂಖ್ಯೆ.

ಹುಡುಕಾಟ

ಮ್ಯಾಬ್ಟನ್ ಹಸುವಿನ ಕಿವಿಯಲ್ಲಿ ಟ್ಯಾಗ್ ಇತ್ತು. ಅದೇ ತನಿಖೆಗೆ ದಾರಿ ತೋರಿಸಿತು. ಡಿಸೆಂಬರ್ 27ರ ಹೊತ್ತಿಗೆ ಅಧಿಕಾರಿಗಳು ಈ ಹಸು ಕೆನಡಾದಿಂದ ಬಂದಿರಬಹುದು ಎಂದರು. ಕೂಡಲೇ ಒಂದು ತಕರಾರು ಎದ್ದಿತು. ಅಮೆರಿಕದ ಕಾಗದದಲ್ಲಿ ಹಸುವಿನ ವಯಸ್ಸು ನಾಲ್ಕು ಅಥವಾ ನಾಲ್ಕೂವರೆ ವರ್ಷ. ಕೆನಡಾದ ದಾಖಲೆಯಲ್ಲಿ ಆರೂವರೆ ವರ್ಷ. ಈ ವ್ಯತ್ಯಾಸ ಸಣ್ಣದಲ್ಲ. ನಾಲ್ಕು ವರ್ಷದ ಹಸುವಾದರೆ 1997ರ ಮೇವಿನ ನಿಷೇಧ ಬಂದ ಮೇಲೆ ಹುಟ್ಟಿದ್ದು, ಅಂದರೆ ನಿಷೇಧ ಕೆಲಸ ಮಾಡಿಲ್ಲ ಎಂದಾಗುತ್ತಿತ್ತು. ಆರೂವರೆ ವರ್ಷದ್ದಾದರೆ ನಿಷೇಧಕ್ಕೆ ಮೊದಲು ಹುಟ್ಟಿದ್ದು.

ಕಾಗದಗಳು ಒಂದಕ್ಕೊಂದು ಹೊಂದದಿದ್ದಾಗ ಡಿಎನ್‌ಎ ಪರೀಕ್ಷೆಗೆ ಹೋಗಬೇಕಾಯಿತು. ಹಸುವಿನ ಮೆದುಳಿನ ಅಂಶವನ್ನು ಅದರ ಅಪ್ಪ ಹೋರಿಯ ವೀರ್ಯದ ಜೊತೆ ತಾಳೆ ನೋಡಿದರು. 2004ರ ಜನವರಿ 6ರಂದು ಉತ್ತರ ಬಂತು. ಹಸು 1997ರ ಏಪ್ರಿಲ್‌ನಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಹುಟ್ಟಿತ್ತು. 2001ರ ಸೆಪ್ಟೆಂಬರ್ 4ರಂದು ಒಂದೇ ಹಿಂಡಿನ 81 ದನಗಳಲ್ಲಿ ಒಂದಾಗಿ ಗಡಿ ದಾಟಿ ಅಮೆರಿಕಕ್ಕೆ ಬಂದಿತ್ತು.

ಉಳಿದ 80 ದನಗಳು ಎಲ್ಲಿ? ಇದಕ್ಕೆ ಉತ್ತರ ಹುಡುಕಲು ವಾಷಿಂಗ್ಟನ್, ಒರೆಗಾನ್, ಐಡಾಹೊ ರಾಜ್ಯಗಳ ಕೊಟ್ಟಿಗೆಗಳನ್ನು ಜಾಲಾಡಿದರು. 51 ಜಾಗಗಳಿಗೆ ಹೋದರು. 75,000ಕ್ಕೂ ಹೆಚ್ಚು ದನಗಳ ದಾಖಲೆ ನೋಡಿದರು. ಫೆಬ್ರವರಿ 9ರಂದು ತನಿಖೆ ಮುಗಿಸಿದಾಗ, ರೋಗ ಬಂದ ಹಸುವೂ ಸೇರಿ 81ರಲ್ಲಿ 29ನ್ನು ಮಾತ್ರ ಖಚಿತವಾಗಿ ಗುರುತಿಸಲು ಆಗಿತ್ತು. ಆ ಹಿಂಡಿನದ್ದು ಆಗಿರಬಹುದು ಎಂಬ ಅನುಮಾನದ ಮೇಲೆ 10 ಜಾಗಗಳಲ್ಲಿ 255 ದನಗಳನ್ನು ಪಟ್ಟಿ ಮಾಡಿದರು. ಅವನ್ನೆಲ್ಲ ಕೊಂದು ಪರೀಕ್ಷಿಸಿದರು. ಒಂದರಲ್ಲೂ ರೋಗ ಇರಲಿಲ್ಲ.

ವೆನೆಮನ್ ವಿಷಯ ಹೇಳಿದ ದಿನದಿಂದ ತನಿಖೆ ಮುಗಿದ ದಿನದ ತನಕ ಎಣಿಸಿದರೆ 48 ದಿನ. ಇದಾದ ಮೇಲೆ ಅಮೆರಿಕದ ಕೃಷಿ ಇಲಾಖೆ ಹೊಸ ಗುರುತಿನ ಯೋಜನೆಗೆ ಇಟ್ಟುಕೊಂಡ ಗುರಿ 48 ಗಂಟೆ. ರೋಗದ ಅನುಮಾನ ಬಂದ 48 ಗಂಟೆಯೊಳಗೆ ಆ ದನ ಎಲ್ಲೆಲ್ಲಿ ಇತ್ತು, ಯಾವ ದನಗಳ ಜೊತೆ ಇತ್ತು ಎಂದು ಹೇಳುವಂತಾಗಬೇಕು ಎಂಬುದು ಅದರ ಅರ್ಥ.

449 ಕರುಗಳು

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಹಸು ಅಲ್ಲ, ಅದರ ಕರು.

ಹಸು ಕೊನೆಯದಾಗಿ ಹಾಕಿದ್ದು ಗಂಡು ಕರು. ಡೈರಿಗಳಲ್ಲಿ ಗಂಡು ಕರುಗಳಿಗೆ ಜಾಸ್ತಿ ಬೆಲೆ ಇರುವುದಿಲ್ಲ. ಹುಟ್ಟಿದ ಕೆಲವೇ ದಿನಕ್ಕೆ ಅವನ್ನು ಮಾಂಸಕ್ಕೆ ಬೆಳೆಸುವ ಜಾಗಕ್ಕೆ ಕಳಿಸಿಬಿಡುತ್ತಾರೆ. ಈ ಕರುವೂ ಹಾಗೇ ಹತ್ತಿರದ ಸನಿಸೈಡ್ ಊರಿನ ಒಂದು ಜಾಗಕ್ಕೆ ಹೋಗಿತ್ತು. ಅಲ್ಲಿ ಸುಮಾರು 450 ಗಂಡು ಕರುಗಳಿದ್ದವು. ಎಲ್ಲವೂ ಎಳೆಯವು. ಕಿವಿಯಲ್ಲಿ ಗುರುತು ಇರಲಿಲ್ಲ.

ತಾಯಿಯಿಂದ ಕರುವಿಗೆ ರೋಗ ದಾಟುವ ಸಾಧ್ಯತೆ ಕಡಿಮೆ. ಆದರೂ ಆ ಒಂದು ಕರುವನ್ನು ಮಾಂಸದ ಮಾರುಕಟ್ಟೆಗೆ ಬಿಡಲು ಇಲಾಖೆ ಸಿದ್ಧವಿರಲಿಲ್ಲ. ಯಾವ ಕರು ಎಂದು ಗೊತ್ತಾಗಲಿಲ್ಲ. ಹಾಗಾಗಿ ಎಲ್ಲವನ್ನೂ ಕೊಂದರು. 2004ರ ಜನವರಿಯಲ್ಲಿ, 449 ಕರುಗಳು.

ಇಲಾಖೆ ಮಾಲೀಕರಿಗೆ ಪರಿಹಾರ ಕೊಟ್ಟಿತು. ಆದರೆ ಹುಡುಕಬೇಕಾಗಿದ್ದು ಒಂದು ಕರುವನ್ನು. ಸಂಖ್ಯೆ ಇದ್ದಿದ್ದರೆ ಒಬ್ಬ ಮನುಷ್ಯ ಅರ್ಧ ದಿನದಲ್ಲಿ ಅದನ್ನು ಹಿಡಿದು ಬೇರೆ ಮಾಡಬಹುದಿತ್ತು. ಗುರುತಿನ ವ್ಯವಸ್ಥೆ ಎಂದರೆ ದನ ಸಾಕುವವರ ಮೇಲೆ ಸರ್ಕಾರ ಕಣ್ಣಿಡುವುದು ಎಂದು ಅನೇಕರು ಹೇಳುತ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ, ಮುಂದೆ ಅದಕ್ಕೆ ಬರುತ್ತೇನೆ. ಆದರೆ ಗುರುತು ಇಲ್ಲದಾಗ ಸರ್ಕಾರದ ಕೈ ಸಣ್ಣದಾಗುವುದಿಲ್ಲ, ದೊಡ್ಡದಾಗುತ್ತದೆ. ಅನುಮಾನ ಒಂದರ ಮೇಲಿದ್ದರೂ ಇಡೀ ಕೊಟ್ಟಿಗೆಯನ್ನೇ ಖಾಲಿ ಮಾಡುತ್ತದೆ.

ಪೆಟ್ಟು ಯಾರಿಗೆ ಬಿತ್ತು

ಜಪಾನ್, ದಕ್ಷಿಣ ಕೊರಿಯಾ, ಮೆಕ್ಸಿಕೊ ಕೆಲವೇ ದಿನಗಳಲ್ಲಿ ಅಮೆರಿಕದ ದನದ ಮಾಂಸಕ್ಕೆ ಬಾಗಿಲು ಹಾಕಿದವು. ಬೇರೆ ಹಲವು ದೇಶಗಳೂ ಹಾಕಿದವು. 2003ರಲ್ಲಿ ಅಮೆರಿಕ ಸುಮಾರು 250 ಕೋಟಿ ಪೌಂಡ್ ದನದ ಮಾಂಸ ರಫ್ತು ಮಾಡಿತ್ತು. 2004ರಲ್ಲಿ ಅದು 50 ಕೋಟಿ ಪೌಂಡ್‌ಗಿಂತ ಕೆಳಗಿಳಿಯಿತು. ಜಪಾನ್ 2005ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದರೂ 20 ತಿಂಗಳಿಗಿಂತ ಚಿಕ್ಕ ದನದ ಮಾಂಸ ಮಾತ್ರ ಬೇಕು ಎಂದಿತು. ವಯಸ್ಸಿನ ಮಿತಿ ಪೂರ್ತಿ ತೆಗೆದದ್ದು 2019ರಲ್ಲಿ.

ಈ ವಯಸ್ಸಿನ ಷರತ್ತನ್ನು ಗಮನಿಸಬೇಕು. ದನ ಹುಟ್ಟಿದ ದಿನ ಬರೆದಿಟ್ಟ, ದೊಡ್ಡ ಹುಲ್ಲುಗಾವಲುಗಳಲ್ಲಿ ದನ ಸಾಕುವ ರ‍್ಯಾಂಚ್‌ನವರಿಗೆ ಅದು ತೊಂದರೆಯಾಗಲಿಲ್ಲ. ಬರೆದಿಡದವರ ದನ ನಿಜವಾಗಿ 16 ತಿಂಗಳದ್ದೇ ಆಗಿದ್ದರೂ ಅದನ್ನು ಸಾಬೀತು ಮಾಡಲು ಆಗುತ್ತಿರಲಿಲ್ಲ.

ನೈಸ್ ಯೋಜನೆ ಬಿದ್ದದ್ದು ಹೇಗೆ

ಡಿಸೆಂಬರ್ 30ರಂದೇ ವೆನೆಮನ್ ಕೆಲವು ಕ್ರಮಗಳನ್ನು ಘೋಷಿಸಿದರು. ಎದ್ದು ನಿಲ್ಲಲಾಗದ ದನಗಳ ಮಾಂಸ ಮನುಷ್ಯರ ಆಹಾರಕ್ಕೆ ಬೇಡ. ಪರೀಕ್ಷೆಯ ಫಲಿತಾಂಶ ಬರುವ ತನಕ ಮಾಂಸ ಹೊರಗೆ ಹೋಗಬಾರದು. ದೇಶಕ್ಕೆಲ್ಲ ಒಂದೇ ಗುರುತಿನ ವ್ಯವಸ್ಥೆಯನ್ನು ಬೇಗ ತರುತ್ತೇವೆ. ಮೊದಲ ಎರಡು ತಕ್ಷಣ ಜಾರಿಗೆ ಬಂದವು. ಮೂರನೆಯದು ಅಷ್ಟು ಸುಲಭವಾಗಲಿಲ್ಲ.

ಆ ವ್ಯವಸ್ಥೆಯ ಹೆಸರು ನ್ಯಾಷನಲ್ ಅನಿಮಲ್ ಐಡೆಂಟಿಫಿಕೇಶನ್ ಸಿಸ್ಟಮ್. ಎಲ್ಲರೂ ನೈಸ್ ಎನ್ನುತ್ತಿದ್ದರು. ಮೂರು ಹಂತಗಳಿದ್ದವು. ಮೊದಲು ದನ ಸಾಕುವ ಪ್ರತಿ ಜಾಗಕ್ಕೂ ಒಂದು ನೋಂದಣಿ ಸಂಖ್ಯೆ. ಆಮೇಲೆ ಪ್ರತಿ ದನಕ್ಕೂ ಒಂದು ಸಂಖ್ಯೆ. ಕೊನೆಗೆ ದನ ಜಾಗ ಬದಲಿಸಿದಾಗೆಲ್ಲ ಅದರ ವರದಿ. 2005ರ ಕರಡಿನಲ್ಲಿ 2009ರ ಹೊತ್ತಿಗೆ ಕಡ್ಡಾಯ ಮಾಡುವ ಮಾತಿತ್ತು. 2006ರ ಕೊನೆಗೆ ಇಲಾಖೆ ಹಿಂದೆ ಸರಿದು, ಇಷ್ಟವಿದ್ದವರು ಮಾತ್ರ ಸೇರಬಹುದು ಎಂದಿತು. 2009ರಲ್ಲಿ ಕೃಷಿ ಕಾರ್ಯದರ್ಶಿ ಟಾಮ್ ವಿಲ್ಸ್ಯಾಕ್ ಊರೂರಿನಲ್ಲಿ ಸಭೆ ಕರೆಸಿ ಜನರ ಮಾತು ಕೇಳಿದರು. ಹೆಚ್ಚಿನವರು ಬೇಡ ಎಂದರು. 2010ರ ಫೆಬ್ರವರಿಯಲ್ಲಿ ನೈಸ್ ಅನ್ನು ಕೈಬಿಟ್ಟರು. ಆ ಹೊತ್ತಿಗೆ 10 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾಗಿತ್ತು.

ರ‍್ಯಾಂಚ್‌ನವರು ಏಕೆ ಬೇಡ ಎಂದರು? ಹಟಕ್ಕೆ, ತಿಳಿವಳಿಕೆ ಸಾಲದೆ ಎಂದು ಬರೆದವರು ಬಹಳ ಜನ. ನನಗೆ ಅದು ಸರಿ ಎನಿಸುವುದಿಲ್ಲ. ಅವರ ಬದುಕು ಹೇಗೆ ನಡೆಯುತ್ತದೆ ಎಂದು ನೋಡಿದರೆ ಅವರ ಮಾತು ಅರ್ಥವಾಗುತ್ತದೆ.

ಮೊಂಟಾನಾದಂಥ ರಾಜ್ಯದಲ್ಲಿ ರ‍್ಯಾಂಚ್ ಎಂದರೆ ಸಾವಿರಾರು ಎಕರೆ ಹುಲ್ಲುಗಾವಲು. ಹಸುಗಳು ವಸಂತದಲ್ಲಿ ಕರು ಹಾಕುತ್ತವೆ. ಬೇಸಿಗೆಯೆಲ್ಲ ತಾಯಿ ಕರು ಎರಡೂ ಬಯಲಲ್ಲೇ ಇರುತ್ತವೆ. ಚಳಿ ಬರುವ ಮೊದಲು ಕರುಗಳನ್ನು ತಾಯಿಯಿಂದ ಬಿಡಿಸಿ ಸೇಲ್ ಬಾರ್ನ್ ಎಂಬ ಹರಾಜು ಕಟ್ಟೆಯಲ್ಲಿ ಮಾರುತ್ತಾರೆ. ವರ್ಷದ ದುಡ್ಡು ಹೆಚ್ಚುಕಡಿಮೆ ಅವತ್ತೊಂದೇ ದಿನ ಬರುವುದು. ಅಲ್ಲಿಂದ ಕರುಗಳು ಇನ್ನೊಬ್ಬರ ಹುಲ್ಲುಗಾವಲಿಗೆ, ಆಮೇಲೆ ದನಗಳನ್ನು ಕಾಳು ಹಾಕಿ ಕೊಬ್ಬಿಸುವ ನೆಬ್ರಾಸ್ಕಾ, ಕ್ಯಾನ್ಸಸ್ ಅಥವಾ ಟೆಕ್ಸಾಸ್‌ನ ಫೀಡ್‌ಲಾಟ್‌ಗೆ, ಕೊನೆಗೆ ದೊಡ್ಡ ಕಸಾಯಿಖಾನೆಗೆ ಹೋಗುತ್ತವೆ. ಮೂರು ನಾಲ್ಕು ಕೈ ಬದಲಾಗುತ್ತದೆ. ಕರು ಹುಟ್ಟಿಸಿದವರು ಮೊದಲ ಕೈ. ಬೆಲೆ ಹೇಳುವ ಶಕ್ತಿ ಅವರಿಗೆ ಎಲ್ಲರಿಗಿಂತ ಕಡಿಮೆ. ಕೊಬ್ಬಿಸಿದ ದನಗಳಲ್ಲಿ ಶೇ 80ಕ್ಕೂ ಹೆಚ್ಚನ್ನು ಕೊಳ್ಳುವುದು ನಾಲ್ಕೇ ಕಂಪನಿಗಳು.

ಇಂಥವರ ಮುಂದೆ ಇಲಾಖೆ ಹೋಗಿ, ಪ್ರತಿ ದನಕ್ಕೂ ಎರಡು ಮೂರು ಡಾಲರ್‌ನ ಟ್ಯಾಗ್ ನೀವೇ ಕೊಳ್ಳಿ, ಹಾಕಿಸಿ, ವರದಿ ಬರೆಯಿರಿ ಎಂದಿತು. ಟ್ಯಾಗ್‌ನ ಬೆಲೆಗಿಂತ ಅದನ್ನು ಹಾಕುವ ಕೆಲಸ ಹೆಚ್ಚು ದುಬಾರಿ. ಬಯಲಿನ ದನ ಮನೆಯ ಹಸುವಿನ ಹಾಗೆ ಸುಮ್ನೆ ನಿಂತು ಕಿವಿ ಕೊಡುವುದಿಲ್ಲ. ಒಂದೊಂದನ್ನೂ ಓಡಿಸಿ, ಕಬ್ಬಿಣದ ಚೌಕಟ್ಟಿನಲ್ಲಿ ಸಿಕ್ಕಿಸಿ, ತಲೆ ಹಿಡಿದು ಹಾಕಬೇಕು.

ಇದರ ಮೇಲೆ ಇನ್ನೊಂದು ಅನ್ಯಾಯ ಇತ್ತು. ಹುಟ್ಟಿನಿಂದ ಕೊನೆಯ ತನಕ ಒಂದೇ ಗುಂಪಿನಲ್ಲಿ ಬೆಳೆಯುವ ಪ್ರಾಣಿಗಳಿಗೆ ಇಡೀ ಗುಂಪಿಗೆ ಒಂದೇ ಸಂಖ್ಯೆ ಸಾಕು ಎಂದು ನೈಸ್ ಹೇಳಿತ್ತು. ದೊಡ್ಡ ಕಂಪನಿಗಳ ಕೋಳಿ ಹಂದಿಗಳು ಹಾಗೆ ಬೆಳೆಯುತ್ತವೆ. ಸಾವಿರ ಹಂದಿಗೆ ಒಂದು ಸಂಖ್ಯೆ. ಹತ್ತು ಹಸು ಇಟ್ಟುಕೊಂಡ ಕುಟುಂಬಕ್ಕೆ ಹತ್ತು ಸಂಖ್ಯೆ. ರೋಗಶಾಸ್ತ್ರದ ದೃಷ್ಟಿಯಿಂದ ಅದಕ್ಕೆ ಕಾರಣ ಇರಬಹುದು. ಆದರೆ ಸಣ್ಣವರಿಗೆ ಅದು ಹೇಗೆ ಕಂಡಿರಬೇಕು?

ಹೊಸ ಯಂತ್ರಗಳಿಂದ ದೂರ ಇರುವ ಅಮಿಶ್ ಎಂಬ ಕ್ರೈಸ್ತ ಸಮುದಾಯದ ರೈತರು ತಮ್ಮ ನಂಬಿಕೆಗೆ ಇದು ಒಪ್ಪುವುದಿಲ್ಲ ಎಂದರು. ಇನ್ನು ಕೆಲವರು ಹೊಣೆಯ ಪ್ರಶ್ನೆ ಎತ್ತಿದರು. ಕಸಾಯಿಖಾನೆಯಲ್ಲಿ ಕೊಳಕು ಸೇರಿ ಮಾಂಸ ಕೆಟ್ಟರೆ, ಟ್ಯಾಗ್ ಹಿಡಿದು ನಮ್ಮ ಬಾಗಿಲಿಗೇ ಬಂದು ಕೇಸ್ ಹಾಕುವುದಿಲ್ಲ ಎಂದು ಏನು ಗ್ಯಾರಂಟಿ? ನಾವು ಎಷ್ಟು ದನ ಇಟ್ಟಿದ್ದೇವೆ ಎಂಬ ಲೆಕ್ಕ ಖರೀದಿ ಕಂಪನಿಗಳ ಕೈಗೆ ಸಿಕ್ಕರೆ ಹರಾಜಿನಲ್ಲಿ ನಮ್ಮ ಗತಿ ಏನು?

ಪಶ್ಚಿಮದ ರಾಜ್ಯಗಳವರು ತಮ್ಮ ಹಳೆಯ ಬ್ರ್ಯಾಂಡ್ ಪದ್ಧತಿಯನ್ನೂ ತೋರಿಸಿದರು. ಕಾಯಿಸಿದ ಕಬ್ಬಿಣದಿಂದ ದನದ ಮೈಮೇಲೆ ಹಾಕುವ ಬರೆ ಅದು. ದನ ಮಾರುವಾಗ ಸರ್ಕಾರದ ಇನ್‌ಸ್ಪೆಕ್ಟರ್ ಬರೆ ನೋಡಿ ಕಾಗದ ಕೊಡುತ್ತಾರೆ. ಕಳ್ಳತನ ತಡೆಯಲು ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇಲ್ಲಿ ನಾನು ಅವರ ಮಾತನ್ನು ಒಪ್ಪುವುದಿಲ್ಲ. ಬರೆ ಹೇಳುವುದು ದನ ಯಾರದು ಎಂದು ಮಾತ್ರ. ಒಂದೇ ಮನೆಯ 300 ಹಸುಗಳಿಗೂ ಒಂದೇ ಬರೆ. ಅವುಗಳಲ್ಲಿ ಯಾವ ಹಸು ಎಂದು ಅದು ಹೇಳುವುದಿಲ್ಲ. ಪೂರ್ವದ ಬಹಳ ರಾಜ್ಯಗಳಲ್ಲಿ ಬರೆ ಹಾಕುವ ಪದ್ಧತಿಯೇ ಇಲ್ಲ.

ಅಲಬಾಮಾದ ಕೆಂಪು ಹಸು

ಇದಕ್ಕೆ ಸಾಕ್ಷಿ 2006ರ ಮಾರ್ಚ್‌ನಲ್ಲೇ ಸಿಕ್ಕಿತು. ಅಲಬಾಮಾ ರಾಜ್ಯದಲ್ಲಿ ಒಂದು ಕೆಂಪು ಮಿಶ್ರತಳಿ ಹಸುವಿಗೆ ಹುಚ್ಚು ಹಸು ರೋಗ ಖಚಿತವಾಯಿತು. ಹಲ್ಲು ನೋಡಿ ಹತ್ತು ವರ್ಷ ದಾಟಿದೆ ಎಂದರು. ಕಿವಿಯಲ್ಲಿ ಟ್ಯಾಗ್ ಇಲ್ಲ. ಮೈಮೇಲೆ ಬರೆಯೂ ಇಲ್ಲ. ಕೊನೆಯ ಮಾಲೀಕರ ಬಳಿ ಅದು ಇದ್ದದ್ದು ಒಂದು ವರ್ಷಕ್ಕೂ ಕಡಿಮೆ. ತನಿಖೆಯವರು ಮೂವತ್ತಕ್ಕೂ ಹೆಚ್ಚು ಫಾರ್ಮ್‌ಗಳನ್ನೂ ಹರಾಜು ಕಟ್ಟೆಗಳನ್ನೂ ನೋಡಿದರು. ಡಿಎನ್‌ಎ ತಾಳೆ ಮಾಡಿದರು. ಅದು ಹುಟ್ಟಿದ ಹಿಂಡು ಸಿಗಲೇ ಇಲ್ಲ. ಅದರ ಜೊತೆ ಮೇವು ತಿಂದ ದನಗಳು ಯಾವುವು ಎಂಬ ಪ್ರಶ್ನೆಯನ್ನು ಹಾಗೇ ಬಿಟ್ಟು ತನಿಖೆ ಮುಗಿಸಬೇಕಾಯಿತು. ಮ್ಯಾಬ್ಟನ್ ಹಸುವಿಗೆ ಟ್ಯಾಗ್ ಇತ್ತು, ಹುಟ್ಟಿದ ಊರು ಎರಡು ವಾರದಲ್ಲಿ ಖಚಿತವಾಯಿತು. ಇದಕ್ಕೆ ಇರಲಿಲ್ಲ, ಯಾವತ್ತೂ ಗೊತ್ತಾಗಲಿಲ್ಲ.

2013, 2019, 2024

ನೈಸ್ ಬಿದ್ದ ಮೇಲೆ ಇಲಾಖೆ ಸಣ್ಣದಾಗಿ ಶುರು ಮಾಡಿತು. 2013ರ ಮಾರ್ಚ್‌ನಲ್ಲಿ ಜಾರಿಗೆ ಬಂದ ನಿಯಮ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಕೆಲವು ದನಗಳಿಗೆ ಮಾತ್ರ. ಹಾಲಿನ ದನಗಳೆಲ್ಲ ಅದರಲ್ಲಿ ಬಂದವು. ಮಾಂಸದ ದನಗಳಲ್ಲಿ 18 ತಿಂಗಳು ದಾಟಿದ, ಬೀಜ ಒಡೆಯದ ಹೋರಿಗಳು ಮತ್ತು ಹಸುಗಳು ಬಂದವು. ರೋಡಿಯೊ ಎಂಬ ದನ ಹಿಡಿಯುವ ಪಂದ್ಯಗಳ ಮತ್ತು ಪ್ರದರ್ಶನದ ದನಗಳೂ ಬಂದವು. ಲೋಹದ ಸಣ್ಣ ಟ್ಯಾಗ್ ಸಾಕಿತ್ತು.

ಆ ಲೋಹದ ಟ್ಯಾಗ್ ಕೆಲಸದಲ್ಲಿ ಹೇಗಿರುತ್ತದೆ? ದನವನ್ನು ಚೌಕಟ್ಟಿನಲ್ಲಿ ಹಿಡಿಯಬೇಕು. ಕಿವಿಯ ಕೊಳೆ ಒರೆಸಬೇಕು. ಸಣ್ಣ ಅಕ್ಷರ ಅಂಕಿಗಳನ್ನು ಓದಿ ಕಾಗದದ ಮೇಲೆ ಬರೆಯಬೇಕು. 3 ಮತ್ತು 8 ಅದಲುಬದಲಾದರೆ ಮುಗಿಯಿತು. ಎಲೆಕ್ಟ್ರಾನಿಕ್ ಟ್ಯಾಗ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಕೋಲಿನಂಥ ರೀಡರ್ ಹತ್ತಿರ ತಂದಾಗ ಅದರ ಅಲೆಯಿಂದಲೇ ಜೀವ ಬಂದು 15 ಅಂಕಿಯ ಸಂಖ್ಯೆ ಕಳಿಸುತ್ತದೆ. ಅಮೆರಿಕದ ಟ್ಯಾಗ್ ಆದರೆ ಆ ಸಂಖ್ಯೆ 840ರಿಂದ ಶುರುವಾಗುತ್ತದೆ. ಅದರಲ್ಲಿ ಸಂಖ್ಯೆ ಬಿಟ್ಟು ಬೇರೇನೂ ಇಲ್ಲ. ಜಿಪಿಎಸ್ ಇಲ್ಲ, ದನ ಎಲ್ಲಿದೆ ಎಂದು ದೂರದಿಂದ ನೋಡಲು ಆಗುವುದಿಲ್ಲ. ಉಪಗ್ರಹದಿಂದ ಹಿಂಬಾಲಿಸುತ್ತಾರೆ ಎಂಬ ಭಯ ಇನ್ನೂ ಇದೆ, ಅದಕ್ಕೆ ಆಧಾರವಿಲ್ಲ.

2019ರಲ್ಲಿ ಇಲಾಖೆ ಒಂದು ಪ್ರಕಟಣೆ ಹಾಕಿ, 2023ರಿಂದ ಎಲೆಕ್ಟ್ರಾನಿಕ್ ಟ್ಯಾಗ್ ಮಾತ್ರ ನಡೆಯುತ್ತದೆ ಎಂದಿತು. ಕಾನೂನು ಮಾಡುವ ಸರಿಯಾದ ದಾರಿ ಅದಾಗಿರಲಿಲ್ಲ. ಆರ್-ಕಾಫ್ ಯುಎಸ್‌ಎ ಎಂಬ ರ‍್ಯಾಂಚರ್‌ಗಳ ಸಂಘ ಕೋರ್ಟಿಗೆ ಹೋಯಿತು. ಅಕ್ಟೋಬರ್‌ನಲ್ಲಿ ಇಲಾಖೆ ಪ್ರಕಟಣೆಯನ್ನು ವಾಪಸ್ ತೆಗೆದುಕೊಂಡಿತು. ಆಮೇಲೆ ಕರಡು ಹೊರಡಿಸಿ, ಆಕ್ಷೇಪ ಕೇಳಿ, 2024ರ ಏಪ್ರಿಲ್‌ನಲ್ಲಿ ಅಂತಿಮ ನಿಯಮ ಘೋಷಿಸಿದರು. 2024ರ ನವೆಂಬರ್ 5ರಿಂದ ಜಾರಿ. ಅದೇ ವಸಂತದಲ್ಲಿ ಟೆಕ್ಸಾಸ್‌ನ ಹಾಲಿನ ಹಸುಗಳಲ್ಲಿ ಹಕ್ಕಿಜ್ವರದ ವೈರಸ್ ಸಿಕ್ಕಿ, ದನಗಳ ಸಾಗಾಟದ ಜೊತೆಗೇ ಬೇರೆ ರಾಜ್ಯಗಳಿಗೂ ಹೋಗಿತ್ತು.

ಈ ನಿಯಮದ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಯಾವ ದನಕ್ಕೆ ಟ್ಯಾಗ್ ಬೇಕು ಎಂಬುದನ್ನು ಅದು ಬದಲಾಯಿಸಲಿಲ್ಲ. 2013ರ ಪಟ್ಟಿಯೇ ಉಳಿಯಿತು. ಬದಲಾಗಿದ್ದು ಒಂದೇ: ಹೊಸದಾಗಿ ಹಾಕುವ ಟ್ಯಾಗ್ ಕಣ್ಣಿಗೂ ಕಾಣಬೇಕು, ಯಂತ್ರಕ್ಕೂ ಓದಲು ಬರಬೇಕು. ಮೊದಲೇ ಲೋಹದ ಟ್ಯಾಗ್ ಹಾಕಿದ ದನಗಳಿಗೆ ಅದೇ ಕೊನೆಯ ತನಕ ನಡೆಯುತ್ತದೆ. ದೇಶದ ದನಗಳಲ್ಲಿ ಸುಮಾರು ಶೇ 11 ಮಾತ್ರ ಇದರೊಳಗೆ ಬರುತ್ತವೆ ಎಂಬುದು ಇಲಾಖೆಯದ್ದೇ ಲೆಕ್ಕ.

ಅಂದರೆ ಮಾಂಸಕ್ಕೆ ಹೋಗುವ ಎಳೆಯ ದನಗಳ ದೊಡ್ಡ ಪಾಲು ಹೊರಗೇ ಇದೆ. ಇನ್ನೂ ಒಂದು ಮಾತು. ಈ ನಿಯಮ ರಾಜ್ಯದ ಗಡಿ ದಾಟುವ ದನಕ್ಕೆ ಮಾತ್ರ. ಮ್ಯಾಬ್ಟನ್ ಮತ್ತು ಸನಿಸೈಡ್ ಎರಡೂ ವಾಷಿಂಗ್ಟನ್ ರಾಜ್ಯದಲ್ಲೇ, ಒಂದೇ ಕಣಿವೆಯಲ್ಲಿ ಇವೆ. ಆ ಗಂಡು ಕರು ಇವತ್ತು ಹುಟ್ಟಿ ಅದೇ ದಾರಿಯಲ್ಲಿ ಹೋದರೂ ಕೇಂದ್ರದ ನಿಯಮ ಅದರ ಕಿವಿಗೆ ಟ್ಯಾಗ್ ಹಾಕಿಸುವುದಿಲ್ಲ. ರಾಜ್ಯವೇ ಕಾನೂನು ಮಾಡಬೇಕು. ಮಿಶಿಗನ್ ಮಾಡಿತ್ತು. ಅಲ್ಲಿ ದನಗಳ ಕ್ಷಯ ಕಾಡುಜಿಂಕೆಗಳಿಂದ ಹರಡುತ್ತಿದ್ದುದರಿಂದ 2007ರಲ್ಲೇ ಎಲೆಕ್ಟ್ರಾನಿಕ್ ಟ್ಯಾಗ್ ಕಡ್ಡಾಯವಾಯಿತು.

ಬೇರೆಯವರು ಮಾಡಿದ್ದು

ಉರುಗ್ವೆ ಸಣ್ಣ ದೇಶ, ಆದರೆ ಅದರ ರಫ್ತಿನಲ್ಲಿ ದನದ ಮಾಂಸಕ್ಕೆ ದೊಡ್ಡ ಪಾಲು. 2001ರಲ್ಲಿ ಕಾಲುಬಾಯಿ ರೋಗ ಬಂದು ಮಾರುಕಟ್ಟೆಗಳು ಮುಚ್ಚಿದವು. 2006ರಲ್ಲಿ ಅಲ್ಲಿ ಪ್ರತಿ ಕರುವಿಗೂ ಎಲೆಕ್ಟ್ರಾನಿಕ್ ಓಲೆ ಕಡ್ಡಾಯವಾಯಿತು. ಓಲೆಯನ್ನು ಸರ್ಕಾರವೇ ಪುಕ್ಕಟೆ ಕೊಟ್ಟಿತು. ನನಗೆ ಅಮೆರಿಕಕ್ಕೂ ಉರುಗ್ವೆಗೂ ಇರುವ ದೊಡ್ಡ ವ್ಯತ್ಯಾಸ ಇದೇ ಎನಿಸುತ್ತದೆ. ಅಮೆರಿಕದ ಸಂಸತ್ತು ಟ್ಯಾಗ್‌ಗಳಿಗಾಗಿ 1.5 ಕೋಟಿ ಡಾಲರ್ ಕೊಟ್ಟದ್ದು 2024ರಲ್ಲಿ. 2005ರಲ್ಲೇ ಆ ದುಡ್ಡು ಸಿಕ್ಕಿದ್ದರೆ ನೈಸ್ ಸಭೆಗಳಲ್ಲಿ ಅರ್ಧ ಜಗಳ ಇರುತ್ತಿರಲಿಲ್ಲ.

ಜಪಾನ್‌ನಲ್ಲಿ 2001ರಲ್ಲಿ ಮೊದಲ ಹುಚ್ಚು ಹಸು ಸಿಕ್ಕಿತು. 2003ರಲ್ಲಿ ಕಾನೂನು ಬಂತು. ಪ್ರತಿ ದನಕ್ಕೂ 10 ಅಂಕಿಯ ಸಂಖ್ಯೆ. ಅಂಗಡಿಯ ಮಾಂಸದ ಪೊಟ್ಟಣದ ಮೇಲೂ ಅದೇ ಸಂಖ್ಯೆ ಇರುತ್ತದೆ. ಕೊಳ್ಳುವವರು ಅದನ್ನು ಹಾಕಿ ದನ ಎಲ್ಲಿ ಹುಟ್ಟಿತು, ಎಲ್ಲಿ ಬೆಳೆಯಿತು ಎಂದು ನೋಡಬಹುದು.

ನಮ್ಮಲ್ಲೂ ಹಸುಗಳ ಕಿವಿಯಲ್ಲಿ ಈಗ ಹಳದಿ ಓಲೆ ಇದೆ, 12 ಅಂಕಿಯದು. 2019ರಲ್ಲಿ ಕಾಲುಬಾಯಿ ಮತ್ತು ಕಂದುರೋಗದ ವಿರುದ್ಧ ದೇಶವ್ಯಾಪಿ ಲಸಿಕೆ ಕಾರ್ಯಕ್ರಮ ಶುರುವಾದ ಮೇಲೆ ಅದು ಹಳ್ಳಿ ಹಳ್ಳಿಗೆ ಬಂತು. ರೈತರು ದುಡ್ಡು ಕೊಡಬೇಕಾಗಿಲ್ಲ, ಪಶು ಆಸ್ಪತ್ರೆಯವರೇ ಬಂದು ಹಾಕುತ್ತಾರೆ. ಓಲೆ ಇಲ್ಲದೆ ಜಾನುವಾರು ವಿಮೆ ಸಿಗುವುದಿಲ್ಲ ಎಂಬುದೂ ಜನರಿಗೆ ಗೊತ್ತು. ಅಮೆರಿಕದಲ್ಲಿ ಜಗಳವಾದ ಖರ್ಚಿನ ಪ್ರಶ್ನೆ ಇಲ್ಲಿ ಏಳಲಿಲ್ಲ. ಆದರೆ ಓಲೆ ಇದ್ದ ಮಾತ್ರಕ್ಕೆ ಜಾಡು ಸಿಗುವುದಿಲ್ಲ, ಅಲ್ವಾ? ಸಂತೆಯಲ್ಲೋ ಜಾತ್ರೆಯಲ್ಲೋ ಹಸು ಕೈ ಬದಲಾದಾಗ ಆ ಸಂಖ್ಯೆಯ ಮುಂದೆ ಹೊಸ ಮಾಲೀಕರ ಹೆಸರು ಬರಬೇಕು. 2022ರಲ್ಲಿ ಚರ್ಮಗಂಟು ರೋಗ ಕರ್ನಾಟಕದಲ್ಲಿ ಹರಡಿದಾಗ ದನದ ಸಂತೆಗಳನ್ನೇ ನಿಲ್ಲಿಸಬೇಕಾಯಿತು. ಯಾವ ದನ ಎಲ್ಲಿಂದ ಬಂತು ಎಂದು ಗೊತ್ತಿದ್ದರೆ ರೋಗ ಇರುವ ಕಡೆ ಮಾತ್ರ ತಡೆಯಬಹುದು. ಗೊತ್ತಿಲ್ಲದಿದ್ದರೆ ಎಲ್ಲರ ವ್ಯಾಪಾರವನ್ನೂ ತಡೆಯಬೇಕಾಗುತ್ತದೆ.

ಇನ್ನೂ ಬಗೆಹರಿಯದ್ದು

2024ರ ಅಕ್ಟೋಬರ್‌ನಲ್ಲಿ, ನಿಯಮ ಜಾರಿಗೆ ಬರುವ ಕೆಲವೇ ದಿನ ಮೊದಲು, ಆರ್-ಕಾಫ್ ಮತ್ತು ಜೊತೆಗಾರರು ದಕ್ಷಿಣ ಡಕೋಟಾದ ಫೆಡರಲ್ ಕೋರ್ಟಿಗೆ ಮತ್ತೆ ಹೋದರು. ಲೋಹದ ಟ್ಯಾಗ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ಇಲಾಖೆಗೆ ಈ ಅಧಿಕಾರವಿಲ್ಲ ಎಂಬುದು ಅವರ ವಾದ. ಟ್ಯಾಗ್ ಬೇಕೇ ಎಂಬ ಪ್ರಶ್ನೆಯಲ್ಲಿ ನಾನು ಇಲಾಖೆಯ ಕಡೆ. 449 ಕರುಗಳ ಲೆಕ್ಕ ನೋಡಿದ ಮೇಲೆ ಬೇರೆ ಕಡೆ ನಿಲ್ಲಲು ನನಗೆ ಆಗುವುದಿಲ್ಲ. ಆದರೆ ಖರ್ಚು, ಹೊಣೆ, ಗುಟ್ಟು ಈ ಮೂರರಲ್ಲಿ ರ‍್ಯಾಂಚ್‌ನವರ ಮಾತು ನ್ಯಾಯವಾದದ್ದು. ಟ್ಯಾಗ್ ಪುಕ್ಕಟೆ ಸಿಗಬೇಕು, ಒಂದು ವರ್ಷ ಮಾತ್ರವಲ್ಲ, ಪ್ರತಿ ವರ್ಷ. ದನ ಗೇಟು ದಾಟಿದ ಮೇಲೆ ಕಸಾಯಿಖಾನೆಯಲ್ಲಾದ ತಪ್ಪಿಗೆ ಸಾಕಿದವರ ಮೇಲೆ ಕೇಸ್ ಹಾಕಬಾರದು ಎಂದು ಕಾನೂನಿನಲ್ಲೇ ಬರೆಯಬೇಕು. ದಾಖಲೆ ರೋಗದ ತನಿಖೆಗೆ ಬಿಟ್ಟು ಬೇರೆ ಯಾರ ಕೈಗೂ ಹೋಗಬಾರದು.

ನಾಲ್ಕನೆಯದೂ ಒಂದಿದೆ, ಅವರ ಸಿಟ್ಟಿನ ಬೇರು ಅಲ್ಲೇ ಇದೆ. ಅಮೆರಿಕದಲ್ಲಿ ದನದ ಮಾಂಸದ ಮೇಲೆ ಅದು ಯಾವ ದೇಶದ್ದು ಎಂದು ಬರೆಯುವುದು ಕೆಲವು ವರ್ಷ ಕಡ್ಡಾಯವಾಗಿತ್ತು. ಕೆನಡಾ ಮತ್ತು ಮೆಕ್ಸಿಕೊ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅದರ ವಿರುದ್ಧ ಗೆದ್ದವು. 2015ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾನೂನನ್ನು ದನ ಮತ್ತು ಹಂದಿ ಮಾಂಸದ ಮಟ್ಟಿಗೆ ತೆಗೆದುಹಾಕಿತು. ನಮ್ಮ ಹಸು ಎಲ್ಲಿ ಹುಟ್ಟಿತು ಎಂದು ಸರ್ಕಾರಕ್ಕೆ ಗೊತ್ತಿರಬೇಕು, ಕೊಳ್ಳುವವರಿಗೆ ಮಾತ್ರ ಗೊತ್ತಾಗಬಾರದೇ ಎಂದು ರ‍್ಯಾಂಚ್‌ನವರು ಕೇಳುತ್ತಾರೆ. 2024ರ ಮಾರ್ಚ್‌ನಲ್ಲಿ ಇಲಾಖೆ ಇನ್ನೊಂದು ನಿಯಮ ಮುಗಿಸಿತು. ಅಮೆರಿಕದಲ್ಲೇ ಹುಟ್ಟಿ, ಬೆಳೆದು, ಕಡಿದು, ತಯಾರಾದ ಮಾಂಸಕ್ಕೆ ಮಾತ್ರ ಅಮೆರಿಕದ್ದು ಎಂಬ ಲೇಬಲ್ ಹಾಕಬಹುದು. 2026ರ ಜನವರಿ 1ರಿಂದ ಅದನ್ನು ಪಾಲಿಸಬೇಕು. ಲೇಬಲ್ ಹಾಕುವುದು ಕಡ್ಡಾಯವಲ್ಲ. ಹಾಕುವವರು ದನ ಅಲ್ಲೇ ಹುಟ್ಟಿದ್ದು ಎಂಬುದಕ್ಕೆ ದಾಖಲೆ ಇಟ್ಟುಕೊಂಡಿರಬೇಕು. ಹುಟ್ಟಿದಾಗಲೇ ಟ್ಯಾಗ್ ಹಾಕಿಸಿಕೊಂಡ ಕರುವಿನ ಮಾಲೀಕರಿಗೆ ಆ ದಾಖಲೆ ಹುಡುಕಲು ಕಷ್ಟವಾಗುವುದಿಲ್ಲ.